ಫೀಸು ಕಟ್ಟಿ ಆಯಿತು, ಜೊತೆಗೆ ಕೂರುವವರು ಯಾರು?

ರಿಸಲ್ಟ್ ಬರುವ ದಿನಗಳಲ್ಲಿ ನಮ್ಮ ಅನಿವಾಸಿ ಸಂಘಗಳ ವಾಟ್ಸಾಪ್ ಗ್ರೂಪುಗಳನ್ನು ನೋಡಬೇಕು. ಇಂಥವರ ಮಗಳಿಗೆ ಪಿಯುಸಿ ಸೈನ್ಸಿನಲ್ಲಿ ಡಿಸ್ಟಿಂಕ್ಷನ್, ಇಂಥವರ ಮಗನಿಗೆ ತೊಂಬತ್ತೈದು ಪರ್ಸೆಂಟ್ ಎಂದು ಫೋಟೋದ ಮೇಲೆ ಫೋಟೋ. ಅದರ ಬೆನ್ನಿಗೇ ಫೀಸಿನ ಅರ್ಜಿಗಳು. ಜುಬೈಲಿನಲ್ಲೋ ಶಾರ್ಜಾದಲ್ಲೋ ದಿನಕ್ಕೆ ಹನ್ನೆರಡು ಗಂಟೆ ದುಡಿಯುವವನು ತನ್ನ ಸಂಬಳದಿಂದ ಐವತ್ತು ರಿಯಾಲ್, ನೂರು ದಿರ್ಹಮ್ ತೆಗೆದು ಕೊಡುತ್ತಾನೆ. ಇದನ್ನು ಕಡಿಮೆ ಮಾಡಿ ಮಾತಾಡುವ ಉದ್ದೇಶ ನನಗಿಲ್ಲ. ಆದರೆ ಅದೇ ಮಗುವಿಗೆ ಮರುವರ್ಷ ಎಂತ ಆಯಿತು ಅಂತ ಗ್ರೂಪಿನಲ್ಲಿ ಕೇಳುವವರಿಲ್ಲ. ಯಾರಾದರೂ ಕೇಳಿದರೆ, "ಸೈನ್ಸ್ ಬಿಟ್ಟ" ಅಂತಲೋ, "ಎರಡು ಸಬ್ಜೆಕ್ಟ್ ಬಾಕಿ ಉಂಟು, ಈಗ ಮಾವನ ಅಂಗಡಿಯಲ್ಲಿದ್ದಾನೆ" ಅಂತಲೋ ತಗ್ಗಿದ ದನಿಯಲ್ಲಿ ಉತ್ತರ ಬರುತ್ತದೆ.

ಸೈನ್ಸ್ ಬಿಡುವುದು ಪಾಪವೇನಲ್ಲ. ಇಷ್ಟವಿಲ್ಲದವರು ಬಿಡಲಿ. ಇಷ್ಟಪಟ್ಟು ಸೇರಿದವರು ಮೊದಲ ವರ್ಷದಲ್ಲೇ ಬಿಟ್ಟರೆ ಮಾತ್ರ ನಾವು ವಿಚಾರಿಸಬೇಕು. ನಾನು ಕಂಡ ಮಟ್ಟಿಗೆ ಇಂಥ ಮಕ್ಕಳಿಗೆ ತಲೆ ಕಡಿಮೆ ಇರಲಿಲ್ಲ, ಫೀಸೂ ಕಟ್ಟಿ ಆಗಿತ್ತು. ಇಲ್ಲದೇ ಇದ್ದದ್ದು ಅದೇ ದಾರಿಯಲ್ಲಿ ಒಂದು ವರ್ಷ ಮುಂದೆ ನಡೆದ ಒಬ್ಬ ಅಣ್ಣ, ಒಬ್ಬಳು ಅಕ್ಕ.

ಇದು ಬೇರೆ ಯಾರಿಗೆ ಅರ್ಥವಾಗದಿದ್ದರೂ ನಮಗೆ ಅರ್ಥವಾಗಬೇಕು. ನಾವು ಪರದೇಶದಲ್ಲಿ ನಿಂತದ್ದು ಹೇಗೆ? ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋದವನು ಊರವನು. ಮೊದಲ ತಿಂಗಳು ಜಾಗ ಸಿಕ್ಕಿದ್ದು ಊರವರ ರೂಮಿನಲ್ಲಿ. ಯಾವ ಬಸ್ಸು, ಯಾವ ಸಿಮ್ಮು, ಫೋರ್‌ಮನ್ ಹತ್ತಿರ ಹೇಗೆ ಮಾತಾಡಬೇಕು, ಯಾವ ಕಾಗದಕ್ಕೆ ಓದದೆ ಸಹಿ ಹಾಕಬಾರದು, ಇದನ್ನೆಲ್ಲ ಹೇಳಿಕೊಟ್ಟದ್ದು ಯಾವ ಆಫೀಸೂ ಅಲ್ಲ, ನಮಗಿಂತ ಎರಡು ವರ್ಷ ಮೊದಲು ಬಂದವನು. ಅದಕ್ಕೂ ಹಿಂದಿನ ತಲೆಮಾರು ಮುಂಬಯಿಗೆ ಹೋದಾಗಲೂ ಹಾಗೆಯೇ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತ ದಕ್ಷಿಣ ಕನ್ನಡದ ಹುಡುಗರು ಒಬ್ಬರನ್ನೊಬ್ಬರು ಹಿಡಿದುಕೊಂಡೇ ಮೇಲೆ ಬಂದದ್ದು. ಕೆಲಸಕ್ಕೆ ಹೋಗುವವನನ್ನು ನಾವು ಒಬ್ಬನೇ ಕಳಿಸುವುದಿಲ್ಲ. ಯೂನಿವರ್ಸಿಟಿಗೆ ಹೋಗುವವನನ್ನು ಮಾತ್ರ "ಚೆನ್ನಾಗಿ ಓದು" ಅಂತ ಹೇಳಿ ಒಬ್ಬನನ್ನೇ ಕಳಿಸಿಬಿಡುತ್ತೇವೆ.

ನಾನಿರುವುದು ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಮೌಂಟ್ ರಾಸ್ಕಿಲ್‌ನಲ್ಲಿ. ಗಲ್ಫಿನಲ್ಲಿರುವ ಓದುಗರಿಗೆ ಈ ಹೆಸರು ಹೊಸತಿರಬಹುದು. ಆರಿಹೋದ ಒಂದು ಜ್ವಾಲಾಮುಖಿ ಗುಡ್ಡ, ಮಾವೊರಿ ಭಾಷೆಯಲ್ಲಿ ಅದಕ್ಕೆ ಪುಕೆತಾಪಾಪಾ ಅಂತ ಹೆಸರು, ಅದರ ಸುತ್ತ ಬೆಳೆದ ಬಡಾವಣೆ ಇದು. ಫಿಜಿಯಿಂದ ಬಂದ ಭಾರತೀಯರು, ಸೊಮಾಲಿಗಳು, ಸಮೋವಾ ಮತ್ತು ಟೊಂಗಾ ದ್ವೀಪಗಳವರು, ಚೀನಾದವರು, ನಮ್ಮಂಥವರು ಎಲ್ಲ ಇಲ್ಲಿದ್ದಾರೆ. ಸ್ಟಾಡರ್ಡ್ ರೋಡಿನಲ್ಲಿ ನಡೆದರೆ ಒಂದೇ ಸಾಲಿನಲ್ಲಿ ನಾಲ್ಕು ಭಾಷೆ ಕಿವಿಗೆ ಬೀಳುತ್ತದೆ. ತಂದೆ ತಾಯಂದಿರು ಬಸ್ ಓಡಿಸುತ್ತಾರೆ, ರಾತ್ರಿ ಪಾಳಿಯಲ್ಲಿ ಕ್ಲೀನಿಂಗ್ ಮಾಡುತ್ತಾರೆ, ವಯಸ್ಸಾದವರ ಆರೈಕೆ ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಮಕ್ಕಳು ಮೌಂಟ್ ರಾಸ್ಕಿಲ್ ಗ್ರಾಮರ್ ಸ್ಕೂಲು ಮುಗಿಸಿ ಡೊಮಿನಿಯನ್ ರೋಡಿನ ಬಸ್ಸು ಹತ್ತಿ ಪೇಟೆಯಲ್ಲಿರುವ ಆಕ್ಲೆಂಡ್ ಯೂನಿವರ್ಸಿಟಿಗೆ ಹೋಗುತ್ತಾರೆ. ಮನೆಯಲ್ಲಿ ಯೂನಿವರ್ಸಿಟಿ ಮೆಟ್ಟಿಲು ಹತ್ತಿದ ಮೊದಲ ಜೀವ ಅದೇ ಆಗಿರುವುದು ಇಲ್ಲಿ ಹೊಸ ವಿಷಯವೇ ಅಲ್ಲ.

ಆ ಯೂನಿವರ್ಸಿಟಿಯಲ್ಲಿ ಒಂದು ಏರ್ಪಾಡು ಉಂಟು. ಹೆಸರು ತುವಾಕಾನ. ಮಾವೊರಿ ಭಾಷೆಯಲ್ಲಿ ತುವಾಕಾನ ಎಂದರೆ ಹುಡುಗನಿಗೆ ಅಣ್ಣ, ಹುಡುಗಿಗೆ ಅಕ್ಕ. ಕಿರಿಯರಿಗೆ ತೇಯಿನ ಎನ್ನುತ್ತಾರೆ. 1991ರಲ್ಲಿ ಜೀವಶಾಸ್ತ್ರ ವಿಭಾಗದಲ್ಲಿ ಇದು ಶುರುವಾಯಿತು. ಶುರು ಮಾಡಿದವರಲ್ಲಿ ಮುಖ್ಯರು ಮೈಕೆಲ್ ವಾಕರ್ ಎಂಬ ಮಾವೊರಿ ವಿಜ್ಞಾನಿ. ಮೀನುಗಳು ಭೂಮಿಯ ಕಾಂತಕ್ಷೇತ್ರವನ್ನು ಹೇಗೆ ಗುರುತಿಸುತ್ತವೆ ಎಂದು ಹುಡುಕಿದವರು ಅವರು. (ದಾರಿ ಹುಡುಕುವ ವಿಷಯದಲ್ಲೇ ಸಂಶೋಧನೆ ಮಾಡಿದವರು ಮಕ್ಕಳಿಗೂ ದಾರಿ ಹುಡುಕಿದರು ಅಂತ ನಾನು ತಮಾಷೆ ಮಾಡುವುದುಂಟು.) ಮಾವೊರಿ ಮತ್ತು ಪೆಸಿಫಿಕ್ ದ್ವೀಪಗಳ ಮಕ್ಕಳು ವಿಜ್ಞಾನಕ್ಕೆ ಸೇರುವುದೇ ಕಡಿಮೆ, ಸೇರಿದವರೂ ಮೊದಲ ವರ್ಷದಲ್ಲೇ ಹಿಂದೆ ಬೀಳುತ್ತಿದ್ದರು. ಅದಕ್ಕೆ ಕಂಡುಕೊಂಡ ಉಪಾಯ ಬಹಳ ಸಾದಾ. ಅದೇ ಪೇಪರ್ ಪಾಸಾದ ಹಿರಿಯ ವಿದ್ಯಾರ್ಥಿ ಕಿರಿಯರ ಸಣ್ಣ ಗುಂಪಿನೊಂದಿಗೆ ಕೂರುವುದು. ಅದು ಈಗ ಯೂನಿವರ್ಸಿಟಿಯ ಬೇರೆ ವಿಭಾಗಗಳಿಗೂ ಹಬ್ಬಿದೆ.

ಈ ತುವಾಕಾನ ಮಾವೊರಿ ಮತ್ತು ಪೆಸಿಫಿಕ್ ವಿದ್ಯಾರ್ಥಿಗಳಿಗಾಗಿ ಇರುವುದು. ನಮ್ಮ ಮಕ್ಕಳಿಗೂ ಬೇಕು ಅಂತ ಗಲಾಟೆ ಮಾಡುವ ಅಗತ್ಯವಿಲ್ಲ. ಅವರ ನೆಲ, ಅವರ ಹಿಂದಿನ ನೋವು ಬೇರೆ. ಹೊಸಬರಿಗೆಲ್ಲ ಹಿರಿಯ ವಿದ್ಯಾರ್ಥಿಯನ್ನು ಜೊತೆ ಮಾಡುವ ಬೇರೆ ವ್ಯವಸ್ಥೆಯೂ ಅಲ್ಲಿ ಉಂಟು, ಕೇಳಿದರೆ ಸಿಗುತ್ತದೆ. ನಮ್ಮ ಮನೆಗಳಿಂದ ಹೋದವರು ಕೇಳುವುದಿಲ್ಲ, ಅದೇ ಸಮಸ್ಯೆ. ಸಹಾಯ ಕೇಳಿದರೆ ದಡ್ಡ ಅಂತ ಲೆಕ್ಕ ಎಂದು ಅವರಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಯಾರೋ ಏನು, ನಾವೇ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ತಂದೆ ತಾಯಂದಿರಿಗೆ ಇದು ಗೊತ್ತಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಆಕ್ಲೆಂಡಿನಲ್ಲಿ ಒಂದು ಪೇಪರಿಗೆ 15 ಪಾಯಿಂಟು. ವರ್ಷಕ್ಕೆ 120 ಪಾಯಿಂಟು, ಅಂದರೆ ಒಂದು ಸೆಮಿಸ್ಟರಿಗೆ ನಾಲ್ಕು ಪೇಪರ್. ಒಂದು ಪೇಪರಿಗೆ ವಾರಕ್ಕೆ ಸುಮಾರು ಹತ್ತು ಗಂಟೆ ಕೆಲಸ ಎಂದು ಯೂನಿವರ್ಸಿಟಿಯೇ ಲೆಕ್ಕ ಹಾಕಿದೆ. ಕ್ಲಾಸು, ಲ್ಯಾಬು, ಓದು, ಬರೆಯುವುದು ಎಲ್ಲ ಸೇರಿ. ನಾಲ್ಕು ಪೇಪರಿಗೆ ನಲವತ್ತು ಗಂಟೆ. ಒಂದು ಪೂರ್ತಿ ನೌಕರಿ! ಆದರೆ ಮಗ ಮನೆಯಲ್ಲಿ ಹೇಳುವುದು "ಇವತ್ತು ಎರಡೇ ಗಂಟೆ ಕ್ಲಾಸು" ಅಂತ. ಆಗ ನಾವು, "ಹಾಗಾದರೆ ಮಧ್ಯಾಹ್ನ ಅಂಗಡಿಯಲ್ಲಿ ಕೂರು, ತಂಗಿಯನ್ನು ಸ್ಕೂಲಿನಿಂದ ಕರಕೊಂಡು ಬಾ" ಎನ್ನುತ್ತೇವೆ. ಅವನಿಗೂ ಮೊದಲ ತಿಂಗಳು ತಾನು ಬಿಡುವಾಗಿದ್ದೇನೆ ಎಂದೇ ಅನಿಸಿರುತ್ತದೆ. ಆರನೇ ವಾರದ ಟೆಸ್ಟಿನಲ್ಲಿ ನಿಜ ಗೊತ್ತಾಗುತ್ತದೆ. ಪೇಪರ್ ಬದಲಾಯಿಸುವ ಅವಕಾಶ ಇದ್ದದ್ದು ಮೊದಲ ಎರಡು ವಾರ ಮಾತ್ರ, ಅದು ಮುಗಿದಿರುತ್ತದೆ. ಫೇಲಾದ ಪೇಪರಿಗೆ ಪುನಃ ಫೀಸು ಕಟ್ಟಬೇಕು.

ಫೀಸಿನ ಮಾತು ಬಂತಲ್ಲ. 2018ರಿಂದ ನ್ಯೂಜಿಲೆಂಡ್ ಸರಕಾರ ಇಲ್ಲಿನ ಅರ್ಹ ವಿದ್ಯಾರ್ಥಿಗಳಿಗೆ ಮೊದಲ ವರ್ಷದ ಫೀಸು ಮನ್ನಾ ಮಾಡಿತ್ತು. 2025ರಿಂದ ಅದನ್ನು ಕೊನೆಯ ವರ್ಷಕ್ಕೆ ಬದಲಾಯಿಸಿದೆ. ಸರಿಯೋ ತಪ್ಪೋ, ಈಗ ಆ ಹಣ ಕೈಗೆ ಬರಬೇಕಾದರೆ ಕೊನೆಯ ವರ್ಷದ ತನಕ ಉಳಿಯಬೇಕು. ಮೊದಲ ವರ್ಷ ದಾಟದವನಿಗೆ ಆ ಮನ್ನಾ ಕನ್ನಡಿಯೊಳಗಿನ ಗಂಟು.

ಇನ್ನು ಒಬ್ಬನೇ ಕೂತು ಓದುವ ವಿಷಯ. ನಮ್ಮಲ್ಲಿ ಒಳ್ಳೆಯ ಹುಡುಗ ಎಂದರೆ ಬಾಗಿಲು ಹಾಕಿಕೊಂಡು ಓದುವವನು. ಗುಂಪಿನಲ್ಲಿ ಕೂತರೆ ಹರಟೆ, ಹಾಳಾಗುತ್ತಾನೆ ಅಂತ ಲೆಕ್ಕ. ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯಲ್ಲಿ 1970ರ ದಶಕದಲ್ಲಿ ಊರಿ ಟ್ರೈಸ್ಮನ್ ಎಂಬವರು ಇದೇ ಪ್ರಶ್ನೆಯ ಹಿಂದೆ ಬಿದ್ದರು. ಮೊದಲ ವರ್ಷದ ಕ್ಯಾಲ್ಕ್ಯುಲಸ್‌ನಲ್ಲಿ ಕರಿಯ ವಿದ್ಯಾರ್ಥಿಗಳು ಯಾಕೆ ಫೇಲಾಗುತ್ತಾರೆ, ಚೀನೀ ಮೂಲದವರು ಯಾಕೆ ಮುಂದೆ ಹೋಗುತ್ತಾರೆ? ಮೇಷ್ಟ್ರುಗಳನ್ನು ಕೇಳಿದರೆ ಬಡತನ, ಮನೆಯವರ ಬೆಂಬಲ ಇಲ್ಲ, ಆಸಕ್ತಿ ಇಲ್ಲ ಎಂಬ ಉತ್ತರಗಳು. ಟ್ರೈಸ್ಮನ್ ಎರಡೂ ಕಡೆಯಿಂದ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳ ಜೊತೆ ತಿರುಗಿ, ಅವರು ಓದುವುದನ್ನು ಕಣ್ಣಾರೆ ನೋಡಿದರು. ಮೇಷ್ಟ್ರುಗಳ ಉತ್ತರ ಯಾವುದೂ ನಿಲ್ಲಲಿಲ್ಲ. ಕರಿಯ ಮಕ್ಕಳ ಮನೆಯವರು ಓದಿಗಾಗಿ ಪ್ರಾಣ ಬಿಡುವವರೇ ಆಗಿದ್ದರು. ಆ ಮಕ್ಕಳು ಹೇಳಿದ ಹಾಗೆಯೇ ವಾರಕ್ಕೆ ಸುಮಾರು 8 ಗಂಟೆ ಓದುತ್ತಿದ್ದರು. ಆದರೆ ಬಹುಪಾಲು ಎಲ್ಲರೂ ಒಬ್ಬೊಬ್ಬರೇ. ಚೀನೀ ಮೂಲದವರು ಸುಮಾರು 14 ಗಂಟೆ ಓದುತ್ತಿದ್ದರು. ಮೊದಲು ಒಬ್ಬೊಬ್ಬರೇ ಲೆಕ್ಕ ಬಿಡಿಸಿ, ಆಮೇಲೆ ರಾತ್ರಿ ಊಟಕ್ಕೆ ಒಟ್ಟು ಸೇರಿದಾಗ ಒಬ್ಬರದ್ದನ್ನು ಒಬ್ಬರು ತಿದ್ದುತ್ತಿದ್ದರು. ಯಾವ ಲೆಕ್ಕ ಎಲ್ಲರಿಗೂ ಕಷ್ಟ, ಯಾವುದು ತನಗೆ ಮಾತ್ರ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಾಗುತ್ತಿತ್ತು. ಒಬ್ಬನೇ ಕೂತವನಿಗೆ ಎಲ್ಲ ಕಷ್ಟವೂ ತನ್ನ ದಡ್ಡತನವೇ ಅಂತ ತೋರುತ್ತಿತ್ತು.

ಆಮೇಲೆ ಅವರು ಮಾಡಿದ ಏರ್ಪಾಡಿನಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. "ಹಿಂದುಳಿದವರಿಗೆ ಟ್ಯೂಷನ್" ಅಂತ ಅವರು ಬೋರ್ಡು ಹಾಕಲಿಲ್ಲ. ಮೇಲೆ ಹೋಗಬೇಕೆನ್ನುವವರು ಬನ್ನಿ, ಕಷ್ಟದ ಲೆಕ್ಕ ಕೊಡುತ್ತೇವೆ ಅಂತ ಕರೆದರು. ಮಕ್ಕಳು ಬಂದರು, ಪಾಸೂ ಆದರು. 1973ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಡಿಯಾನಾ ಮಾರ್ಟಿನ್ ಶುರು ಮಾಡಿದ ಪದ್ಧತಿಯಲ್ಲಿಯೂ ಇದೇ ಗುಟ್ಟು. ದಡ್ಡ ವಿದ್ಯಾರ್ಥಿ ಯಾರು ಎಂದು ಹುಡುಕುವ ಬದಲು ಕಷ್ಟದ ಪೇಪರ್ ಯಾವುದು ಎಂದು ಹುಡುಕಿ, ಆ ಪೇಪರಿನ ಎಲ್ಲರಿಗೂ ಹಿರಿಯ ವಿದ್ಯಾರ್ಥಿಯ ಜೊತೆ ಕೂರುವ ಅವಕಾಶ ಕೊಟ್ಟರು. ಆಗ ಹೋಗುವವನಿಗೆ ನಾಚಿಕೆ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹಲವು ಯೂನಿವರ್ಸಿಟಿಗಳಲ್ಲಿ ಪಾಸ್ ಎಂಬ ಹೆಸರಿನಲ್ಲಿ ನಡೆಯುವುದು ಇದೇ.

ಅಂಥ ಗುಂಪಿನಲ್ಲಿ ಹಿರಿಯನ ಕೆಲಸ ಪಾಠ ಮಾಡುವುದಲ್ಲ, ಉತ್ತರ ಹೇಳಿಕೊಡುವುದೂ ಅಲ್ಲ. ಕೇಳಿದ ಪ್ರಶ್ನೆಯನ್ನು ಪಕ್ಕದವನಿಗೆ ತಿರುಗಿಸುತ್ತಾನೆ, "ನೀನು ಹೇಗೆ ಮಾಡಿದಿ, ಬೋರ್ಡಿನಲ್ಲಿ ತೋರಿಸು" ಎನ್ನುತ್ತಾನೆ. ಹಳೆ ಪರೀಕ್ಷೆಯ ಪ್ರಶ್ನೆ ಹೇಗೆ ಓದಬೇಕು, ಲ್ಯಾಬ್ ವರದಿಯಲ್ಲಿ ಯಾವ ಭಾಗಕ್ಕೆ ಮಾರ್ಕು ಹೋಗುತ್ತದೆ, ಲೆಕ್ಚರರಿಗೆ ಎರಡು ಸಾಲಿನ ಈಮೇಲ್ ಹೇಗೆ ಬರೆಯಬೇಕು, ಯಾವ ಪುಸ್ತಕ ಕೊಳ್ಳಬೇಕಾಗಿಲ್ಲ, ಲೈಬ್ರರಿಯಲ್ಲೇ ಸಿಗುತ್ತದೆ, ಇಂಥ ಸಣ್ಣ ಸಣ್ಣ ವಿಷಯ. ಇವು ಯಾವ ಪಠ್ಯದಲ್ಲೂ ಇಲ್ಲ. ಅಪ್ಪ ಡಾಕ್ಟರೋ ಇಂಜಿನಿಯರೋ ಆದವನಿಗೆ ಮನೆಯ ಊಟದ ಮೇಜಿನಲ್ಲೇ ಸಿಗುತ್ತವೆ. ನಮ್ಮ ಮಕ್ಕಳಿಗೆ ಎಲ್ಲಿ ಸಿಗಬೇಕು?

ನಕಲಿನ ವಿಷಯ ಬಿಡಿಸಿ ಹೇಳಲೇಬೇಕು. ಊರಿನಲ್ಲಿ ಸೀನಿಯರಿನ ರೆಕಾರ್ಡ್ ಬುಕ್ ತಂದು ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವುದು ಅಂದರೆ ಸಹಾಯ, ಪ್ರೀತಿ. ಇಲ್ಲಿ ಅದೇ ಕೆಲಸ ಮಾಡಿದರೆ ಅಪರಾಧ. ಬರೆದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಕೊಡಬೇಕು, ಬೇರೆಯವರ ಬರಹಕ್ಕೆ ಹೋಲಿಕೆ ಇದ್ದರೆ ಸಿಕ್ಕಿಬೀಳುತ್ತದೆ, ಕೊಟ್ಟವನೂ ತೆಗೆದುಕೊಂಡವನೂ ಇಬ್ಬರೂ ಉತ್ತರ ಹೇಳಬೇಕು. ಊರಿನಿಂದ ನೇರ ಬಂದ ಹುಡುಗನಿಗೆ ಇದನ್ನು ಮೊದಲ ವಾರವೇ ಹೇಳುವವರು ಬೇಕು. ಒಟ್ಟಿಗೆ ಕೂತು ಅರ್ಥ ಮಾಡಿಕೊಳ್ಳಬಹುದು, ಬರೆಯುವುದು ಮಾತ್ರ ಒಬ್ಬೊಬ್ಬರೇ. ಈ ಗೆರೆ ಎಲ್ಲಿದೆ ಎಂದು ಹಿರಿಯರು ತೋರಿಸಿಕೊಟ್ಟರೆ ಎಷ್ಟೋ ಅನಾಹುತ ತಪ್ಪುತ್ತದೆ.

ಮೆಡಿಕಲ್ ಆಸೆಯ ಕಥೆ ಬೇರೆಯೇ. ಇಲ್ಲಿ ಪಿಯುಸಿ ಮುಗಿದ ಕೂಡಲೆ ಎಂಬಿಬಿಎಸ್ ಸೀಟಿಲ್ಲ. ಹೆಚ್ಚಿನವರು ಮೊದಲು ಒಂದು ವರ್ಷ ಬಯೊಮೆಡಿಕಲ್ ಸೈನ್ಸ್ ಅಥವಾ ಹೆಲ್ತ್ ಸೈನ್ಸ್ ಓದಿ, ಜೀವಶಾಸ್ತ್ರ, ರಸಾಯನಶಾಸ್ತ್ರದಂಥ ಪೇಪರುಗಳಲ್ಲಿ ಎತ್ತರದ ಮಾರ್ಕು ತೆಗೆದು, ಪ್ರವೇಶ ಪರೀಕ್ಷೆ, ಸಂದರ್ಶನ ದಾಟಬೇಕು. ಸೇರುವವರು ನೂರಾರು, ಒಳಗೆ ಹೋಗುವವರು ಸ್ವಲ್ಪ. ಹಾಗಾಗಿ ಆ ಕ್ಲಾಸಿನಲ್ಲಿ ಪಕ್ಕದವನು ಎದುರಾಳಿ, ನೋಟ್ಸ್ ಕೂಡ ಕೊಡಬಾರದು ಎಂಬ ಭಾವನೆ ಬಂದುಬಿಡುತ್ತದೆ. ಅದೇ ವರ್ಷ ದಾಟಿ ಈಗ ಫಾರ್ಮಸಿಯಲ್ಲೋ ಆಪ್ಟೊಮೆಟ್ರಿಯಲ್ಲೋ ಲ್ಯಾಬಿನ ಸಂಶೋಧನೆಯಲ್ಲೋ ಖುಷಿಯಾಗಿರುವ ಒಬ್ಬಳು ಅಕ್ಕ ಬಂದು "ನನಗೂ ಸೀಟು ಸಿಗಲಿಲ್ಲ, ಆಕಾಶ ಕೆಳಗೆ ಬೀಳಲಿಲ್ಲ" ಅಂದರೆ ಅದರ ಬೆಲೆ ಕೌನ್ಸೆಲರಿನ ಹತ್ತು ಮಾತಿಗಿಂತ ಹೆಚ್ಚು. ಮನೆಯವರು ಹೇಳಿದರೆ ಸಮಾಧಾನದ ಮಾತು ಎಂದುಕೊಳ್ಳುತ್ತಾರೆ, ಅವಳು ಹೇಳಿದರೆ ಸಾಕ್ಷಿ.

ಇನ್ನು ಊರಿಗೆ ಬರುವ. ಈ ಪತ್ರಿಕೆ ಓದುವ ಹೆಚ್ಚಿನವರ ಮಕ್ಕಳು ಇರುವುದು ಬಂಟ್ವಾಳ, ಪುತ್ತೂರು, ಮಂಗಳೂರು, ಮಂಜೇಶ್ವರದಲ್ಲಿ. ಅಲ್ಲಿ ಸೀನಿಯರ್ ಅಂದಕೂಡಲೆ ಉಮ್ಮನ ಬಾಯಿಗೆ ಬರುವ ಮೊದಲ ಶಬ್ದ ರ‍್ಯಾಗಿಂಗ್. ಹೆದರಿಕೆ ಸುಳ್ಳಲ್ಲ. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದಲ್ಲಿ ಮೆಡಿಕಲ್ ಮೊದಲ ವರ್ಷದ ಹುಡುಗನೊಬ್ಬ ಸೀನಿಯರುಗಳ ಹೊಡೆತಕ್ಕೆ ಸತ್ತ ಮೇಲೆಯೇ ಯುಜಿಸಿ ಅದೇ ವರ್ಷ ರ‍್ಯಾಗಿಂಗ್ ವಿರುದ್ಧ ಕಠಿಣ ನಿಯಮ ತಂದದ್ದು. 2019ರಲ್ಲಿ ಅದೇ ಯುಜಿಸಿ ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳಲು ದೀಕ್ಷಾರಂಭ ಎಂಬ ಕಾರ್ಯಕ್ರಮವನ್ನೂ ಹೇಳಿತು. ಉದ್ದೇಶ ಒಳ್ಳೆಯದೇ. ನಾನು ಕೇಳಿದ ಕಡೆಗಳಲ್ಲಿ ಅದು ಒಂದೆರಡು ದಿನದ ಭಾಷಣ, ಒಂದು ಗ್ರೂಪ್ ಫೋಟೋ. ಸೀನಿಯರನ್ನು ದೂರ ಇಡುವುದಕ್ಕೆ ನಾವು ಕಾನೂನು ಮಾಡಿಕೊಂಡಿದ್ದೇವೆ. ಒಳ್ಳೆಯ ಸೀನಿಯರನ್ನು ಹತ್ತಿರ ತರುವ ಕೆಲಸ ಇನ್ನೂ ಬಾಕಿ ಉಂಟು.

ಅದು ಸಾಧ್ಯ ಎಂಬುದಕ್ಕೆ ನಮ್ಮ ಸಂಬಂಧಿಕರ ಮಗಳೇ ಸಾಕು. ಹತ್ತನೆಯ ತನಕ ಕನ್ನಡ ಮೀಡಿಯಂ. ಪಿಯುಸಿ ಹೇಗೋ ಬಾಯಿಪಾಠದಲ್ಲಿ ದಾಟಿತು. ಬಿಎಸ್ಸಿಗೆ ಬಂದಾಗ ಕೆಮಿಸ್ಟ್ರಿ ಕ್ಲಾಸಿನಲ್ಲಿ ಇಂಗ್ಲಿಷ್ ಮಳೆ, ತಲೆಯ ಮೇಲೆ ಕೊಡೆಯೇ ಇಲ್ಲ. ಒಂದು ತಿಂಗಳಿಗೆ ಬಿಡುತ್ತೇನೆ ಅಂತ ಹೇಳತೊಡಗಿದ್ದಳು. ಬಿ.ಸಿ.ರೋಡಿನಿಂದ ಅದೇ ಬಸ್ಸಿನಲ್ಲಿ ಬರುತ್ತಿದ್ದ ಮೂರನೇ ವರ್ಷದ ಹುಡುಗಿಯೊಬ್ಬಳು, ನಮ್ಮ ಜಾತಿಯವಳೂ ಅಲ್ಲ, ಒಂದು ಸಣ್ಣ ನೋಟ್ ಬುಕ್ಕಿನಲ್ಲಿ ಎರಡು ಗೆರೆ ಎಳೆದು ಕೊಟ್ಟಳು. ಒಂದು ಕಡೆ ದ್ರಾವಣ, ಇನ್ನೊಂದು ಕಡೆ ಸೊಲ್ಯೂಷನ್. ಒಂದು ಕಡೆ ಪ್ರತ್ಯಾಮ್ಲ, ಇನ್ನೊಂದು ಕಡೆ ಬೇಸ್. "ನಿನಗೆ ವಿಷಯ ಗೊತ್ತುಂಟು, ಹೆಸರು ಗೊತ್ತಿಲ್ಲ ಅಷ್ಟೆ" ಅಂದಳಂತೆ. ಬಸ್ಸಿನ ಒಂದು ಗಂಟೆಯಲ್ಲಿ ದಿನಾ ಹತ್ತು ಶಬ್ದ. ಆ ಹುಡುಗಿ ಈಗ ಎಂಎಸ್ಸಿ ಮುಗಿಸಿದ್ದಾಳೆ. ಯಾವ ಸಂಘದ ಸ್ಕಾಲರ್‌ಶಿಪ್ಪೂ ಆ ಬಸ್ಸಿನ ಒಂದು ಗಂಟೆಯನ್ನು ಕೊಡಲಿಲ್ಲ.

ಬಸ್ಸಿನಲ್ಲಿ ಸಿಕ್ಕಿದ್ದು ಅದೃಷ್ಟ. ಅದೃಷ್ಟಕ್ಕೆ ಬಿಡದೆ ಏರ್ಪಾಡು ಮಾಡಬೇಕು ಎಂಬುದೇ ನನ್ನ ಮಾತು. ನಮ್ಮ ಸಂಘಗಳು ಇಷ್ಟು ವರ್ಷ ಎಷ್ಟೋ ಮಕ್ಕಳಿಗೆ ಫೀಸು ಕೊಟ್ಟಿವೆ. ಅವರಲ್ಲಿ ಎರಡನೇ, ಮೂರನೇ ವರ್ಷದಲ್ಲಿ ಓದುತ್ತಿರುವವರು ಯಾರು, ಯಾವ ಕಾಲೇಜು, ಯಾವ ವಿಷಯ ಎಂಬ ಪಟ್ಟಿ ನಮ್ಮ ಕಪಾಟಿನಲ್ಲೇ ಉಂಟು. ಹೊಸತಾಗಿ ಸೇರುವವರ ಪಟ್ಟಿಯೂ ಉಂಟು. ಎರಡು ಪಟ್ಟಿಯನ್ನು ಪಕ್ಕ ಪಕ್ಕ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಒಬ್ಬ ಹಿರಿಯ, ನಾಲ್ಕೈದು ಕಿರಿಯರು, ವಾರಕ್ಕೆ ಎರಡು ಗಂಟೆ. ಹುಡುಗಿಯರ ಗುಂಪಿಗೆ ಹುಡುಗಿಯೇ ಇರಲಿ, ಆಗ ಮನೆಯವರು ಮುಖ ಗಂಟು ಹಾಕುವುದಕ್ಕೆ ಕಾರಣ ಉಳಿಯುವುದಿಲ್ಲ. ತುವಾಕಾನ ಎಂಬ ಶಬ್ದದಲ್ಲೇ ಆ ಏರ್ಪಾಡು ಇದೆ ನೋಡಿ. ಜಾಗ ಲೈಬ್ರರಿಯೂ ಆಗಬಹುದು, ಯಾರದಾದರೂ ಮನೆಯ ಚಾವಡಿಯೂ ಆಗಬಹುದು. ಇಲ್ಲಿ ಮೌಂಟ್ ರಾಸ್ಕಿಲ್‌ನಲ್ಲಾದರೆ ವೆಸ್ಲಿ ಕಮ್ಯುನಿಟಿ ಸೆಂಟರಿನಲ್ಲಿ ಒಂದು ಕೋಣೆ ಹಿಡಿಯುವುದು ದೊಡ್ಡ ಸಂಗತಿ ಅಲ್ಲ.

ಹಿರಿಯನಿಗೆ ಹಣ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದಕ್ಕೆ ಕೆಲವರು, "ಸೇವೆಗೆ ಯಾಕೆ ಸಂಬಳ, ಫ್ರೀಯಾಗಿ ಮಾಡಲಿ" ಎನ್ನುತ್ತಾರೆ. ಫ್ರೀ ಕೆಲಸ ಪರೀಕ್ಷೆ ಹತ್ತಿರ ಬಂದಾಗ ನಿಲ್ಲುತ್ತದೆ, ಕಿರಿಯರಿಗೆ ಅಗತ್ಯ ಬೀಳುವುದೂ ಆಗಲೇ. ಆ ಹಿರಿಯನೂ ನಮ್ಮಂಥವರ ಮಗನೇ, ಸಂಜೆ ಎಲ್ಲಾದರೂ ಕೆಲಸ ಮಾಡಿ ಖರ್ಚು ನೋಡಿಕೊಳ್ಳುವವನು. ಆ ಕೆಲಸದ ಎರಡು ಗಂಟೆ ಇಲ್ಲಿಗೆ ಕೊಡು ಎಂದರೆ ಅದರ ಬೆಲೆ ಕೊಡುವುದು ನ್ಯಾಯ. ಜೊತೆಗೆ ಒಂದು ಕಟ್ಟುಪಾಡೂ ಇರಲಿ. ಕಿರಿಯರಿಂದ ಹಣ ಕೇಳುವ ಹಾಗಿಲ್ಲ, ಅವರ ಮಾರ್ಕಿನ ಸುದ್ದಿ ಮನೆಯವರಿಗೆ ದಾಟಿಸುವ ಹಾಗೂ ಇಲ್ಲ. ಮನೆಗೆ ಚಾಡಿ ಹೋಗುತ್ತದೆ ಎಂದು ಗೊತ್ತಾದರೆ ಯಾವ ಮಗು ಬಾಯಿ ಬಿಡುತ್ತದೆ?

ದೂರದಲ್ಲಿರುವ ತಂದೆಯರಿಗೆ ಒಂದು ಮಾತು. ರಾತ್ರಿ ಫೋನಿನಲ್ಲಿ "ಎಷ್ಟು ಮಾರ್ಕು?" ಅಂತ ಕೇಳುವ ಬದಲು "ಇವತ್ತು ಯಾರ ಜೊತೆ ಕೂತು ಓದಿದಿ?" ಅಂತ ಕೇಳಿ ನೋಡಿ. ಯಾರ ಜೊತೆಯೂ ಇಲ್ಲ ಎಂಬ ಉತ್ತರ ಮೂರು ವಾರ ಬಂದರೆ ಸಂಘದವರಿಗೆ ಫೋನ್ ಮಾಡಿ.

ಊರಿನಲ್ಲಿ ಡಿಗ್ರಿ ಕ್ಲಾಸು ಶುರುವಾಗುವುದು ಮಳೆಗಾಲದಲ್ಲಿ, ಆಕ್ಲೆಂಡಿನಲ್ಲಿ ಮಾರ್ಚ್ ಹೊತ್ತಿಗೆ. ಎರಡಕ್ಕೂ ಮೊದಲು ಸ್ಕಾಲರ್‌ಶಿಪ್ ಅರ್ಜಿಯ ಹೊಸ ನಮೂನೆ ಪ್ರಿಂಟ್ ಆಗುತ್ತದೆ. ಕಮಿಟಿಯವರು ಈ ಸಲ ಅದರಲ್ಲಿ ಎರಡು ಸಾಲು ಸೇರಿಸಲಿ. ಮೊದಲ ವರ್ಷದವರಿಗೆ: ನಿಮಗೆ ಯಾವ ಸಬ್ಜೆಕ್ಟಿನಲ್ಲಿ ಹಿರಿಯರು ಬೇಕು? ಎರಡನೇ ವರ್ಷದಿಂದ ಮೇಲಿನವರಿಗೆ: ವಾರಕ್ಕೆ ಎರಡು ಗಂಟೆ ಯಾವ ದಿನ ಕೊಡಬಲ್ಲಿರಿ?